ಚೆಕ್ ಬೌನ್ಸ್: ವಸೂಲಿ ದಾವೆ ಕೋಲಾರದಲ್ಲೋ ಚೆನ್ನೈನಲ್ಲೋ?

ನಿಮ್ಮ ಮಂಡಿಯಿಂದ ಟೊಮೆಟೊ ಕೊಂಡ ಚೆನ್ನೈ ವ್ಯಾಪಾರಿಯ ಚೆಕ್ ಬೌನ್ಸ್ ಆಗಿದೆ, ವಸೂಲಿ ದಾವೆ ಕೋಲಾರದಲ್ಲೇ ಹಾಕಬಹುದಾ ಎಂದು ಕೇಳಿದ್ದೀರಿ. ಹಾಕಬಹುದು ಸಾರ್. ಆದರೆ ಚೆಕ್ಕನ್ನು ಕೋಲಾರದ ಬ್ಯಾಂಕಿಗೆ ಹಾಕಿದ್ದನ್ನೇ ಆಧಾರ ಮಾಡಿಕೊಳ್ಳಬೇಡಿ. ಚೆಕ್ ಹಾಕಿದ ಬ್ಯಾಂಕಿನ ಊರಲ್ಲಿ ಕೇಸು ಎಂಬ ಆ ನಿಯಮ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಚೆಕ್ ಬೌನ್ಸ್ ಕ್ರಿಮಿನಲ್ ಕೇಸಿನದು, 2015ರ ತಿದ್ದುಪಡಿಯಲ್ಲಿ ಬಂದದ್ದು. ಎರಡನ್ನೂ ಕಲಸುವವರೇ ಹೆಚ್ಚು. ಸಿವಿಲ್ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಂ ನೋಡಬೇಕು: ಪ್ರತಿವಾದಿ ಇರುವ ಊರು, ಇಲ್ಲವೇ ವ್ಯಾಜ್ಯಕಾರಣ (ದಾವೆಗೆ ಕಾರಣವಾದ ವ್ಯವಹಾರ) ಭಾಗಶಃವಾದರೂ ಹುಟ್ಟಿದ ಊರು. ಮಾಲು ಕೋಲಾರದ ಎಪಿಎಂಸಿಯಲ್ಲೇ ಮಾರಾಟವಾಗಿ ಲಾರಿ ಹತ್ತಿದ್ದರೆ ಬಿಲ್, ತೂಕದ ಚೀಟಿ ಲಗತ್ತಿಸಿ, ವಾದಪತ್ರದಲ್ಲಿ (ದಾವೆಯ ಅರ್ಜಿಯಲ್ಲಿ) ಅದಕ್ಕೊಂದು ಪ್ರತ್ಯೇಕ ಪ್ಯಾರಾ ಬರೆಸಿ. ‘ಚೆನ್ನೈ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ’ ಎಂಬ ಷರತ್ತಿಗೆ ಸಹಿ ಹಾಕಿದ್ದರೆ ಮಾತ್ರ ಕಷ್ಟ.

ಮೊತ್ತ 3 ಲಕ್ಷ ಮುಟ್ಟಿದರೆ ಅದು ವಾಣಿಜ್ಯ ವ್ಯಾಜ್ಯ. ತುರ್ತು ಪರಿಹಾರ ಕೇಳದಿದ್ದರೆ ಮೊದಲು ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆ ಮುಗಿಸಲೇಬೇಕು, ಇಲ್ಲದಿದ್ದರೆ ವಾದಪತ್ರವೇ ತಿರಸ್ಕೃತ. 138ಕ್ಕೂ ಹೋಗುವುದಾದರೆ ಚೆಕ್ ಬೌನ್ಸ್ ಆಯಿತೆಂಬ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಿ.