ಅಲ್ಬಾಟ್ರಾಸ್ ಮೈಗೆ ತೇಗದ ಗೆರೆ ಬೇಡ

ಹೋದ ಸಂಚಿಕೆಯಲ್ಲಿ ಮೊದಲ ಮಹಾಯುದ್ಧದ ಬೈಪ್ಲೇನ್ (ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನ) ಮಾದರಿಗಳ ಪ್ಲಾಸ್ಟಿಕ್ ಕಿಟ್‌ಗಳ ಬಗ್ಗೆ ಬರೆದ ಮೇಲೆ ಒಳ್ಳೇ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಒಂದೇ: ಪ್ಲಾಸ್ಟಿಕ್ಕನ್ನು ಮರದ ಹಾಗೆ, ಬಟ್ಟೆಯ ಹಾಗೆ ಕಾಣಿಸೋದು ಹೇಗೆ? ಈ ಸಲ ಅದಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, 1/48 ಅಳತೆಯ ಅಲ್ಬಾಟ್ರಾಸ್ ಡಿ-5 (ಜರ್ಮನ್ ಯುದ್ಧವಿಮಾನ) ಮಾಡುತ್ತಿದ್ದೇನೆ. ಮೈಗೆ ಹಳದಿ ಬಳಿದು ಅದರ ಮೇಲೆ ಸಣ್ಣ ಬ್ರಷ್‌ನಿಂದ ಕಂದು ಗೆರೆ ಒಂದೊಂದಾಗಿ ಎಳೆದೆ. ಹತ್ತಿರದಿಂದ ಚೆನ್ನಾಗಿದೆ, ಎರಡು ಅಡಿ ದೂರ ಇಟ್ಟರೆ ಹುಲಿಪಟ್ಟೆ! ಎಲ್ಲಿ ತಪ್ಪಾಯ್ತು? (ಮೈಸೂರು)

ಉತ್ತರ: ಗೆರೆ ಎಳೆದಿದ್ದೇ ಜಾಸ್ತಿ ಆಯ್ತು. ಇದು ನಿಮ್ಮೊಬ್ಬರ ಕಥೆ ಅಲ್ಲ. ನಮ್ಮ ಕಣ್ಣಿಗೆ ಮರ ಅಂದರೆ ತೇಗ, ಬೀಟೆ, ಹಲಸು. ಮನೆಬಾಗಿಲಲ್ಲಿ, ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಎದ್ದು ಕಾಣುವ ಗೆರೆ ನೋಡಿ ಬೆಳೆದವರು ನಾವು. ಅಲ್ಬಾಟ್ರಾಸ್‌ನ ಮೈ ತೇಗದ್ದಲ್ಲ, ಬರ್ಚ್ ಪ್ಲೈವುಡ್. ದಿಮ್ಮಿಯನ್ನು ತಿರುಗಿಸುತ್ತಾ ಸುಲಿದು ತೆಗೆದ ತೆಳು ಹಾಳೆಗಳನ್ನು ಅಂಟಿಸಿ ಮಾಡಿದ್ದು. ಬರ್ಚ್ ಬಿಳಿಚು ಮರ, ಗೆರೆ ಬಹಳ ಮಂದ. ಒಂದು ಹಾಳೆಯೊಳಗೆ ಅಲ್ಲಲ್ಲಿ ಹೊಗೆಯಾಡಿದ ಹಾಗೆ ಅಗಲವಾದ ಛಾಯೆ ಇರುತ್ತದೆ, ಅಷ್ಟೇ.

ಇನ್ನೊಂದು ಲೆಕ್ಕ ನೋಡಿ. ನಿಜವಾದ ವಿಮಾನದ ಮೇಲೆ 1 ಮಿಲಿಮೀಟರ್ ದಪ್ಪದ ಗೆರೆ ಇದೆ ಅಂದುಕೊಳ್ಳೋಣ. 1/48ರಲ್ಲಿ ಅದು 0.02 ಮಿಲಿಮೀಟರ್. ಯಾವ ಬ್ರಷ್‌ನಿಂದ ಎಳೀತೀರಿ? ಹಾಗಾಗಿ ಗೆರೆ ಬರೆಯುವುದನ್ನು ಬಿಟ್ಟು, ಹಾಳೆಯಿಂದ ಹಾಳೆಗೆ ಬಣ್ಣ ಬದಲಾಗುವುದನ್ನು ತೋರಿಸಿ. ನೋಡುವವರ ಕಣ್ಣು ಪ್ಲೈವುಡ್ ಅಂತ ನಂಬುವುದು ಅಲ್ಲೇ: ಒಂದು ಹಾಳೆ ಸ್ವಲ್ಪ ಕೆಂಪು, ಪಕ್ಕದ್ದು ಒಣಹುಲ್ಲಿನ ಬಣ್ಣ, ಅದರ ಪಕ್ಕದ್ದು ಕೊಂಚ ಮಂಕು.

ಕೆಲಸದ ಕ್ರಮ ಹೀಗಿರಲಿ. ಮೊದಲು ಟಮಿಯಾ ಕಂಪನಿಯ ಬಫ್ (ತಿಳಿಕಂದು) ಬಣ್ಣಕ್ಕೆ ಚೂರು ಬಿಳಿ ಸೇರಿಸಿ ಇಡೀ ಮೈಗೆ ಹೊಡೆಯಿರಿ. ಬೇಕೆಂದರೆ ಮೂರ್ನಾಲ್ಕು ಹಾಳೆಗಳಿಗೆ ಟೇಪ್ ಕಟ್ಟಿ, ಅದೇ ಬಣ್ಣಕ್ಕೆ ಡೆಸರ್ಟ್ ಯೆಲ್ಲೋ ಒಂದು ಹನಿ ಬೆರೆಸಿ ಬೇರೆ ಛಾಯೆ ಕೊಡಿ. ಒಣಗಿದ ಮೇಲೆ ಸೆಮಿ ಗ್ಲಾಸ್ ಕ್ಲಿಯರ್ (ಅರೆಹೊಳಪಿನ ಪಾರದರ್ಶಕ ಲೇಪ) ಒಂದು ಕೋಟ್ ಬೇಕೇ ಬೇಕು. ಅದಿಲ್ಲದಿದ್ದರೆ ಬ್ರಷ್ ಜಾರುವುದಿಲ್ಲ, ಮೇಲಿನ ಬಣ್ಣ ಅಲ್ಲೇ ಕಚ್ಚಿಕೊಳ್ಳುತ್ತದೆ. ಈಗ ಆಯಿಲ್ ಪೇಂಟ್ ತೆಗೆದುಕೊಳ್ಳಿ, ಕಲಾವಿದರು ಬಳಸುವ ಟ್ಯೂಬ್‌ನದೇ. ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್ ಮೂರು ಸಾಕು. ಅಕ್ಕಿಕಾಳಿನಷ್ಟು ಬಣ್ಣವನ್ನು ಒಂದು ರಟ್ಟಿನ ಮೇಲೆ ಹಾಕಿ ಅರ್ಧ ಮುಕ್ಕಾಲು ಗಂಟೆ ಬಿಡಿ, ರಟ್ಟು ಎಣ್ಣೆ ಹೀರಿಕೊಳ್ಳುತ್ತದೆ. ಚಪ್ಪಟೆ ಬ್ರಷ್‌ನ ತುದಿಗೆ ಚೂರೇ ಚೂರು ಮೆತ್ತಿ, ಒಂದು ಹಾಳೆಯ ಮೇಲೆ ಎರಡು ಮೂರು ಚುಕ್ಕೆ ಇಟ್ಟು, ಬೇರೆ ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ ಎಳೆಯುತ್ತಾ ಹೋಗಿ. ಎಳೆದಷ್ಟೂ ಬಣ್ಣ ತೆಳುವಾಗುತ್ತದೆ, ಕೂದಲಿನ ಗುರುತು ತಾನೇ ಮೂಡುತ್ತದೆ. ಇನ್ನೂ ಸ್ವಲ್ಪ ಬೇಕಿತ್ತು ಅನ್ನಿಸಿದಾಗ ನಿಲ್ಲಿಸಿ. ಪಕ್ಕದ ಹಾಳೆಗೆ ಹೋಗುವಾಗ ಅಂಚಿಗೆ ಟೇಪ್ ಇರಲಿ, ಗೆರೆಗಳು ಒಂದರಿಂದ ಇನ್ನೊಂದಕ್ಕೆ ಹರಿದರೆ ಇಡೀ ಮೋಡಿ ಕೆಟ್ಟುಹೋಗುತ್ತದೆ.

ಪೂರ್ತಿ ಒಣಗಿದ ಮೇಲೆ ಟಮಿಯಾ ಕ್ಲಿಯರ್ ಯೆಲ್ಲೋಗೆ ಕ್ಲಿಯರ್ ಆರೆಂಜ್ ಸ್ವಲ್ಪ ಬೆರೆಸಿ, ನೀರು ನೀರಾಗಿ, ತೆಳ್ಳಗೆ ಒಂದು ಸಲ ಹೊಡೆಯಿರಿ. ವಾರ್ನಿಷ್‌ನ ಬೆಚ್ಚನೆಯ ಹೊಳಪು ಬರುವುದು ಇದರಿಂದ. ಒಂದು ಎಚ್ಚರಿಕೆ: ಅಲ್ಬಾಟ್ರಾಸ್‌ನ ರೆಕ್ಕೆಗಳ ನಡುವಿನ ವಿ ಆಕಾರದ ಆಧಾರಕಂಬಗಳು ಉಕ್ಕಿನ ಕೊಳವೆ. ಹುರುಪಿನಲ್ಲಿ ಅವಕ್ಕೂ ಮರದ ಬಣ್ಣ ಹಚ್ಚಬೇಡಿ.

ಪ್ರಶ್ನೆ: ನಮ್ಮ ಕಡೆ ಜೂನ್ ಬಂತೆಂದರೆ ಬಣ್ಣದ ಕೆಲಸ ನಿಂತಂತೆಯೇ. ಆಯಿಲ್ ಪೇಂಟ್ ವಾರವಾದರೂ ಅಂಟಂಟು. ಕ್ಲಿಯರ್ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಏನು ಮಾಡಲಿ? (ಮಂಗಳೂರು)

ಉತ್ತರ: ಇವೆರಡು ಬೇರೆ ಬೇರೆ ಸಮಸ್ಯೆ. ಬೆಳ್ಳಗಾಗುವುದಕ್ಕೆ ಕಾರಣ ತೇವ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ನೀರಿನಂಶ ಅಲ್ಲೇ ಇಳಿದು ಬಣ್ಣದ ಪೊರೆಯೊಳಗೆ ಸಿಕ್ಕಿಕೊಳ್ಳುತ್ತದೆ. ತಮಾಷೆ ಅಂದರೆ ನಿಜವಾದ ವಿಮಾನಗಳಿಗೂ ಇದೇ ಕಾಟ ಇತ್ತು. ರೆಕ್ಕೆಯ ಬಟ್ಟೆಗೆ ಹಚ್ಚುತ್ತಿದ್ದ ಡೋಪ್ ಎಂಬ ವಾರ್ನಿಷ್‌ನಂಥ ಲೇಪ ತೇವದ ಹವೆಯಲ್ಲಿ ಹೀಗೇ ಬಿಳಿಚಿಕೊಳ್ಳುತ್ತಿತ್ತು, ಅದಕ್ಕೇ ಡೋಪ್ ಹಚ್ಚುವ ಕೋಣೆಗಳನ್ನು ಬೆಚ್ಚಗೆ, ಒಣಗಿಸಿ ಇಡುತ್ತಿದ್ದರು. ನೀವು ಮಳೆ ಬಿಡುವು ಕೊಟ್ಟ ಮಧ್ಯಾಹ್ನ ನೋಡಿ ಹೊಡೆಯಿರಿ. ನಿಧಾನ ಆರುವ ರಿಟಾರ್ಡರ್ ಬೆರೆಸಿದ ಥಿನ್ನರ್ ಸಿಕ್ಕರೆ ಅದನ್ನೇ ಬಳಸಿ. ಈಗಾಗಲೇ ಬೆಳ್ಳಗಾಗಿದ್ದರೆ, ಒಣ ದಿನ ಅದೇ ಥಿನ್ನರನ್ನು ಬರೀ ಮಂಜಿನಷ್ಟು ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಕೆಳಗೆ ಆಯಿಲ್ ಇದ್ದರೆ ಮೊದಲು ಬೇರೆ ಪ್ಲಾಸ್ಟಿಕ್ ಚೂರಿನ ಮೇಲೆ ಪರೀಕ್ಷಿಸಿ.

ಆಯಿಲ್ ಪೇಂಟ್ ಆರುವುದು ಆವಿಯಾಗಿ ಅಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಪ್ರಯೋಜನ ಇಲ್ಲ, ಧೂಳು ಬೀಳದ ಹಾಗೆ ಗಾಳಿಯಾಡುವ ಕಡೆ ಇಡಿ. ಬರ್ನ್ಟ್ ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಉಳಿದವಕ್ಕಿಂತ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಅಂಬರ್ ಪಾಲು ಕೊಂಚ ಜಾಸ್ತಿ ಇರಲಿ.

ಪ್ರಶ್ನೆ: ಅಂಕಲ್, ನಾನು ಪಿಯುಸಿ ಓದುತ್ತಿದ್ದೇನೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲ, ಹೊರದೇಶದ ಬಣ್ಣ ತರಿಸೋಕೆ ದುಡ್ಡಿಲ್ಲ. ಹಾರ್ಡ್‌ವೇರ್ ಅಂಗಡಿಯ ಎನ್.ಸಿ. ಥಿನ್ನರ್ ನಡೆಯುತ್ತಾ? (ಹುಬ್ಬಳ್ಳಿ)

ಉತ್ತರ: ಬೇಡಪ್ಪಾ, ಅದೊಂದು ಮಾತ್ರ ಬೇಡ! ಎನ್.ಸಿ. ಥಿನ್ನರ್ ಕಿಟ್‌ನ ಪ್ಲಾಸ್ಟಿಕ್ಕನ್ನೇ (ಪಾಲಿಸ್ಟೈರೀನ್) ಕರಗಿಸುತ್ತದೆ. ಕಿಟ್ ಮೇಲೆ ಉಬ್ಬಿರುವ ಸಣ್ಣ ವಿವರಗಳೆಲ್ಲ ಮಾಯವಾಗಿ ಮೈ ಅಂಟಂಟಾಗುತ್ತದೆ. ಆಯಿಲ್ ಪೇಂಟ್‌ಗೆ ಕಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ತೊಗೋ, ಅದನ್ನೂ ಕಡಿಮೆ ಬಳಸು. ಕಿಟಕಿ ತೆಗೆದಿರಲಿ.

ಕ್ಯಾಮ್ಲಿನ್ ಆಯಿಲ್ ಟ್ಯೂಬ್‌ಗಳು ನಿಮ್ಮೂರಲ್ಲೇ ಸಿಗುತ್ತವೆ, ಈ ಕೆಲಸಕ್ಕೆ ಅವು ಧಾರಾಳ ಸಾಕು. ಅಡಿಬಣ್ಣಕ್ಕೆ ಅಕ್ರಿಲಿಕ್ ಹಚ್ಚು, ತೆಳ್ಳಗೆ ಎರಡು ಮೂರು ಕೋಟ್. ಬ್ರಷ್ ಗುರುತು ಉಳಿದರೆ ಹೆದರಬೇಡ, ಗುರುತು ಹಾಳೆಯ ಉದ್ದಕ್ಕೆ ಇದ್ದರೆ ಅದೂ ಮರದ ಲೆಕ್ಕಕ್ಕೇ ಸೇರುತ್ತದೆ. ಏರ್‌ಬ್ರಷ್ ಇಲ್ಲದೆ ಚೆನ್ನಾಗಿ ಬರುವ ಕೆಲಸ ಯಾವುದಾದರೂ ಇದ್ದರೆ ಇದೇ. ಅಂದಹಾಗೆ, ಆ ಟ್ಯೂಬ್‌ನೊಳಗಿನ ಎಣ್ಣೆಯೂ, ಆಗಿನ ರೆಕ್ಕೆಗಳ ಲಿನನ್ ಬಟ್ಟೆಯೂ ಒಂದೇ ಗಿಡದಿಂದ ಬಂದದ್ದು. ನಿಮ್ಮ ಕಡೆ ಚಟ್ನಿಪುಡಿ ಮಾಡುವ ಅಗಸೆ!

ಪ್ರಶ್ನೆ: ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮಲ್ ಕಿಟ್‌ನ ರೆಕ್ಕೆಯ ಮೇಲೆ ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳ) ನಡುವೆ ಬಟ್ಟೆ ಜೋತುಬಿದ್ದ ಹಾಗೆ ಗುಳಿ ಇದೆ. ಹಾಗೇ ಬಿಡಬೇಕಾ? ಅಡಿಭಾಗದಲ್ಲಿ ಬೆಳಕು ಹಾಯುವ ಹಾಗೆ ಕಾಣಿಸಲು ಏನು ಉಪಾಯ? (ಶಿರಸಿ)

ಉತ್ತರ: ಬಿಡಬೇಡಿ, ಉಜ್ಜಿ. 600 ನಂಬರಿನ ಮರಳುಕಾಗದ ನೀರಲ್ಲಿ ಅದ್ದಿ ನಿಧಾನಕ್ಕೆ, ಆಮೇಲೆ 1000. ಕಿಟ್ ಮಾಡುವವರಿಗೆ ಬಟ್ಟೆ ಅಂದಕೂಡಲೇ ಒಗೆದು ಹರವಿದ್ದು ನೆನಪಾಗುತ್ತದೋ ಏನೋ. ನಿಜದಲ್ಲಿ ಲಿನನ್ನನ್ನು ರೆಕ್ಕೆಯ ಚೌಕಟ್ಟಿಗೆ ಹೊಲಿದು ಡೋಪ್ ಬಳಿಯುತ್ತಿದ್ದರು, ಡೋಪ್ ಆರುತ್ತಾ ಬಟ್ಟೆ ಕುಗ್ಗಿ, ಬೆಂಕಿಗೆ ಹಿಡಿದ ತಮಟೆಯಂತೆ ಬಿಗಿಯಾಗುತ್ತಿತ್ತು. ಆ ಎಳೆತ ಎಷ್ಟೆಂದರೆ, ಹಿಂದಿನ ಅಂಚಿಗೆ ಬರೀ ತಂತಿ ಇದ್ದ ಜರ್ಮನ್ ವಿಮಾನಗಳಲ್ಲಿ ತಂತಿಯೇ ರಿಬ್‌ನಿಂದ ರಿಬ್‌ಗೆ ಒಳಕ್ಕೆ ಬಾಗಿ ಅಂಚು ಅಲೆ ಅಲೆಯಾಗಿ ಕಾಣುತ್ತದೆ. ರಿಬ್ ಇರುವಲ್ಲಿ ಸಣ್ಣ ಉಬ್ಬು, ನಡುವೆ ಕಂಡೂ ಕಾಣದಷ್ಟು ತಗ್ಗು. ಬೆರಳಿಗೆ ತಿಳಿಯಬೇಕು, ಕಣ್ಣಿಗೆ ರಾಚಬಾರದು. ನೇಯ್ಗೆಯ ಎಳೆ ತೋರಿಸೋಕಂತೂ ಹೋಗಲೇಬೇಡಿ.

ಈಗ ಬಣ್ಣ. ಕ್ಯಾಮಲ್‌ನ ರೆಕ್ಕೆಯ ಮೇಲ್ಭಾಗಕ್ಕೆ ಪಿಸಿ-10 ಎಂಬ ಡೋಪ್ ಹಚ್ಚುತ್ತಿದ್ದರು. ಹಳದಿ ಓಕರ್ ಮಣ್ಣಿಗೆ ದೀಪದ ಮಸಿ ಬೆರೆಸಿದ್ದು ಅದರ ಬಣ್ಣ. ಅದು ಹಸಿರೋ ಕಂದೋ ಅಂತ ಮಾಡೆಲ್ ಮಾಡುವವರ ಜಗಳ ಇವತ್ತಿಗೂ ಮುಗಿದಿಲ್ಲ. ಓಕರ್, ಮಸಿ ಎರಡನ್ನೂ ಬೆರೆಸಿ ನೀವೇ ನೋಡಿ, ಕಂದುಹಸಿರು ಬರುತ್ತದೆ. ಅಷ್ಟು ಸಾಕು. ಅಡಿಭಾಗಕ್ಕೆ ಬಣ್ಣವಿಲ್ಲ, ಬರೀ ಪಾರದರ್ಶಕ ಡೋಪ್. ಅದಕ್ಕೇ ಅಲ್ಲಿ ಲಿನನ್‌ನ ಕೆನೆಬಣ್ಣ ಕಾಣುವುದು.

ಬೆಳಕಿಗೆ ಹಿಡಿದರೆ ಆ ಕೆನೆಬಣ್ಣದಲ್ಲಿ ರಿಬ್, ಸ್ಪಾರ್‌ಗಳು (ರೆಕ್ಕೆಯ ಉದ್ದಕ್ಕೆ ಹೋಗುವ ತೊಲೆಗಳು) ನೆರಳಾಗಿ ಕಾಣುತ್ತವೆ. ಇದಕ್ಕೆ ಮೊದಲು ಇಡೀ ಅಡಿಭಾಗಕ್ಕೆ ಬಫ್‌ನಷ್ಟು ಗಾಢ ಬಣ್ಣ ಹೊಡೆಯಿರಿ. ರಿಬ್ ಮೇಲೆ ಅಂಟಿಸುವ ಬಟ್ಟೆಪಟ್ಟಿ ನಿಜದಲ್ಲಿ ಸುಮಾರು ಒಂದೂವರೆ ಇಂಚು ಅಗಲ, ಅಂದರೆ 1/48ರಲ್ಲಿ 0.8 ಮಿಲಿಮೀಟರ್. ಹೊಸ ಬ್ಲೇಡಿನಲ್ಲಿ ಅಷ್ಟಗಲದ ಟೇಪ್ ಪಟ್ಟಿ ಕತ್ತರಿಸಿ ಪ್ರತಿ ರಿಬ್ ಮೇಲೂ ಅಂಟಿಸಿ, ಸ್ಪಾರ್‌ಗೆ ಕೊಂಚ ಅಗಲದ್ದು. ಡೆಕ್ ಟ್ಯಾನ್‌ಗೆ ಬಿಳಿ ಬೆರೆಸಿ ನಡುವಿನ ಜಾಗಕ್ಕೆ ಹೊಡೆಯಿರಿ. ಟೇಪ್ ಕಿತ್ತಾಗ ಕಾಣುವುದು ಜೈಲಿನ ಸರಳು, ಗಾಬರಿ ಬೇಡ. ಅದೇ ತಿಳಿಬಣ್ಣವನ್ನು ಬಹಳ ತೆಳ್ಳಗೆ ಮಾಡಿ ಇಡೀ ರೆಕ್ಕೆಯ ಮೇಲೆ ಮಂಜಿನ ಹಾಗೆ ಎರಡು ಮೂರು ಸಲ ಹಾಯಿಸಿ, ಗೆರೆ ಹಿಂದೆ ಸರಿಯುತ್ತಾ ಹೋಗುತ್ತದೆ. ಕಷ್ಟಪಟ್ಟು ಮಾಡಿದ್ದನ್ನು ಮುಚ್ಚಬೇಕಲ್ಲ ಅಂತ ಹೊಟ್ಟೆ ಉರಿಯುತ್ತದೆ ನಿಜ, ಮುಚ್ಚಿದಷ್ಟೂ ಬಟ್ಟೆಯಾಗುತ್ತದೆ. ಮೇಲ್ಭಾಗದ ಪಿಸಿ-10ಗೆ ಇಷ್ಟೆಲ್ಲ ಬೇಡ. ಪಟ್ಟಿಗಳ ಮೇಲೂ ಅದೇ ಡೋಪ್ ಬಳಿದಿರುತ್ತಾರೆ, ಛಾಯೆ ಬಹಳ ಬದಲಾಗುವುದಿಲ್ಲ. ಕ್ಯಾಮಲ್‌ನ ರೆಕ್ಕೆ ನಡುವಿನ ಆಧಾರಕಂಬಗಳು ಮಾತ್ರ ಸ್ಪ್ರೂಸ್ ಮರದ್ದು, ವಾರ್ನಿಷ್ ಹಚ್ಚಿದ್ದು. ಅಲ್ಲಿ ನಿಮ್ಮ ಮರದ ಆಸೆ ತೀರಿಸಿಕೊಳ್ಳಬಹುದು.

ಪ್ರಶ್ನೆ: ಜರ್ಮನ್ ಯುದ್ಧವಿಮಾನ ಫಾಲ್ಜ್ ಡಿ-3 ಕಿಟ್ ತಂದಿದ್ದೇನೆ. ಅದೂ ಪ್ಲೈವುಡ್ ಮೈ ತಾನೇ, ಅಲ್ಬಾಟ್ರಾಸ್ ಥರಾನೇ ಮಾಡಲಾ? (ಬೆಂಗಳೂರು)

ಉತ್ತರ: ಪ್ಲೈವುಡ್ಡೇ, ಆದರೆ ಕಾರ್ಖಾನೆಯಲ್ಲೇ ಅದರ ಮೇಲೆ ಬೆಳ್ಳಿಬೂದು ಬಣ್ಣ ಹೊಡೆದು ಕಳಿಸುತ್ತಿದ್ದರು. ಹೊರಮೈಯಲ್ಲಿ ಮರ ಕಾಣುವುದೇ ಇಲ್ಲ. ಪ್ರೊಪೆಲ್ಲರ್ ಒಂದಕ್ಕೆ ಕೈಚಳಕ ತೋರಿಸಿ.

ಪ್ರಶ್ನೆ: ಹಾಗಾದರೆ ಪ್ರೊಪೆಲ್ಲರ್‌ನ ಪದರ ಪದರ ಮರ ಹೇಗೆ ತರೋದು? (ದಾವಣಗೆರೆ)

ಉತ್ತರ: ಆಗಿನ ಪ್ರೊಪೆಲ್ಲರ್ ಒಂದೇ ತುಂಡಿನದಲ್ಲ. ಸುಮಾರು ಎರಡು ಸೆಂಟಿಮೀಟರ್ ದಪ್ಪದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತಿದ್ದು. ಮಹಾಗನಿ, ವಾಲ್‌ನಟ್ ಎಲ್ಲಾ ಬಳಸುತ್ತಿದ್ದರು, ಜರ್ಮನ್ನರು ಕಡುಬಣ್ಣದ ಮತ್ತು ತಿಳಿಬಣ್ಣದ ಮರ ಸರದಿಯಂತೆ ಇಡುವುದೂ ಇತ್ತು. ಇಲ್ಲಿ ನಮ್ಮ ತೇಗದ ಕಣ್ಣು ಉಪಯೋಗಕ್ಕೆ ಬರುತ್ತದೆ, ಬಣ್ಣ ಗಾಢವಾಗಿಯೇ ಇರಲಿ. ಪದರದ ಗೆರೆ ಬ್ಲೇಡಿನ ಉದ್ದಕ್ಕೆ ನೇರ ಹೋಗುವುದಿಲ್ಲ. ಬ್ಲೇಡ್ ತಿರುಚಿಕೊಂಡಿರುವುದರಿಂದ ಗೆರೆ ಬಾಗಿ, ತುದಿಯ ಕಡೆ ಅಂಚಿಗೆ ಹೋಗಿ ಮುಗಿಯುತ್ತದೆ. ಒಂದು ಒಳ್ಳೇ ಫೋಟೊ ಎದುರಿಗಿಟ್ಟುಕೊಂಡು ತಿಳಿಬಣ್ಣ ಹಚ್ಚಿ, ಟೇಪ್ ಪಟ್ಟಿಗಳನ್ನು ಆ ಬಾಗಿಗೆ ತಕ್ಕ ಹಾಗೆ ಅಂಟಿಸಿ ಕಡುಬಣ್ಣ ಹಚ್ಚಿ, ಕೊನೆಗೆ ಅಂಬರ್ ಆಯಿಲ್ ತೆಳ್ಳಗೆ ಒರೆಸಿ. ಆಗ ಜರ್ಮನಿಯಲ್ಲಿ ಪ್ರೊಪೆಲ್ಲರ್ ಮಾಡುತ್ತಿದ್ದ ಕಂಪನಿಗಳಲ್ಲಿ ಒಂದರ ಹೆಸರು ಗರುಡ! ಅದರ ಗುರುತಿನ ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಕೆಲವು ಕಿಟ್‌ಗಳಲ್ಲಿ ಬರುತ್ತದೆ, ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಜರ್ಮನ್ ಫೊಕ್ಕರ್ ಡಿ-7 ವಿಮಾನಕ್ಕೆ ಬಣ್ಣ ಬಣ್ಣದ ಬಹುಭುಜಗಳ ಡೀಕಾಲ್ ಹಾಕಿದೆ. ಬಟ್ಟೆಗಿಂತ ಜಾಸ್ತಿ ಗಿಫ್ಟ್ ಪೇಪರ್ ಸುತ್ತಿದ ಹಾಗಿದೆ! (ಮೆಲ್ಬರ್ನ್)

ಉತ್ತರ: ಬಣ್ಣ ಹಚ್ಚುವ ಶ್ರಮ ಮತ್ತು ತೂಕ ಉಳಿಸಲು ಜರ್ಮನ್ನರು ಬಟ್ಟೆಯ ಮೇಲೇ ಆ ವಿನ್ಯಾಸ ಅಚ್ಚು ಹಾಕಿಸುತ್ತಿದ್ದರು, ಹಾಗಾಗಿ ಅದು ಮೇಲೆ ಕೂತ ಬಣ್ಣವಲ್ಲ, ಬಟ್ಟೆಯೊಳಗಿನ ಬಣ್ಣ. ನಿಮ್ಮ ಡೀಕಾಲ್ ಮೇಲೆ ಕ್ಲಿಯರ್ ಹೊಡೆದು, ರಾ ಅಂಬರ್ ಆಯಿಲ್ ಬಹಳ ತೆಳುವಾಗಿ ಒರೆಸಿ, ಬಣ್ಣಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ರಿಬ್ ಪಟ್ಟಿ ಹಾಕಿದ್ದೀರಾ? ಅದೇ ಅಚ್ಚಿನ ಬಟ್ಟೆಯದೂ ಇತ್ತು, ತಿಳಿನೀಲಿ, ತಿಳಿಗುಲಾಬಿ ಪಟ್ಟಿಗಳೂ ಇದ್ದವು. ಪಟ್ಟಿ ಇಲ್ಲದಿದ್ದರೆ ಕಾಗದವೇ ಅನ್ನಿಸುತ್ತದೆ. ಡಿ-7ರ ಮೈ ಉಕ್ಕಿನ ಕೊಳವೆ, ಮೇಲೆ ಬಟ್ಟೆ, ಅಲ್ಲಿ ಪ್ಲೈವುಡ್ ಹುಡುಕಬೇಡಿ. ನೀವಿರುವ ದೇಶದಲ್ಲೇ, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ಬಳಿ ಒಂದು ಅಸಲಿ ಅಲ್ಬಾಟ್ರಾಸ್ ಡಿ-5ಎ ಇದೆ. ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ವಿಚಾರಿಸಿಕೊಂಡು ಹೋಗಿ. ಫೋಟೊ ತೆಗೆದರೆ ನಮಗೂ ಕಳಿಸಿ.

ಪ್ರಶ್ನೆ: ಭಾರತೀಯರು ಹಾರಿಸಿದ ಬೈಪ್ಲೇನ್ ಮಾಡುವ ಆಸೆ. ಯಾವುದು ಒಳ್ಳೆಯದು? (ಬೆಳಗಾವಿ)

ಉತ್ತರ: ಇಬ್ಬರನ್ನು ನೆನಪಿಟ್ಟುಕೊಳ್ಳಿ. ಹರ್ದಿತ್ ಸಿಂಗ್ ಮಲಿಕ್ 1917ರಲ್ಲಿ ಬ್ರಿಟಿಷರ 28ನೇ ಸ್ಕ್ವಾಡ್ರನ್ (ವಿಮಾನ ದಳ) ಜೊತೆ ಸಾಪ್‌ವಿತ್ ಕ್ಯಾಮಲ್ ಹಾರಿಸಿದವರು. ಇಂದ್ರಲಾಲ್ ರಾಯ್ 40ನೇ ಸ್ಕ್ವಾಡ್ರನ್‌ನಲ್ಲಿ ಎಸ್.ಇ.5ಎ ಎಂಬ ಬ್ರಿಟಿಷ್ ಯುದ್ಧವಿಮಾನ ಹಾರಿಸುತ್ತಿದ್ದರು, 1918ರ ಜುಲೈ 22ರಂದು ಯುದ್ಧದಲ್ಲಿ ಸತ್ತಾಗ ಇನ್ನೂ 19 ವರ್ಷ. ಎರಡು ವಿಮಾನಕ್ಕೂ ಮೇಲೆ ಶಿರಸಿಯವರಿಗೆ ಹೇಳಿದ ಪಿಸಿ-10, ಕೆನೆಬಣ್ಣದ ಅಡಿಭಾಗವೇ. ಮೊದಲ ಬೈಪ್ಲೇನ್ ಆದರೆ ಎಸ್.ಇ.5ಎ ತೊಗೊಳ್ಳಿ.

ಭಾರತೀಯ ವಾಯುಪಡೆಯದೇ ಬೇಕು ಅಂದರೆ 1933ರಲ್ಲಿ ಅದು ಶುರುಮಾಡಿದ್ದೇ ನಾಲ್ಕು ವೆಸ್ಟ್‌ಲ್ಯಾಂಡ್ ವಾಪಿಟಿ ಬೈಪ್ಲೇನ್‌ಗಳಿಂದ. ಅದರ ಬಟ್ಟೆಗೆ ಬೆಳ್ಳಿ ಡೋಪ್. ಡೋಪ್‌ನಲ್ಲಿದ್ದ ಅಲ್ಯುಮಿನಿಯಂ ಪುಡಿ ಬಿಸಿಲನ್ನು ತಡೆದು ಬಟ್ಟೆ ಕಾಪಾಡುತ್ತಿತ್ತು, ಅದೇ ಪುಡಿ ಬೆಳಕನ್ನೂ ಒಳಗೆ ಬಿಡುವುದಿಲ್ಲ. ಅಂದರೆ ರಿಬ್‌ನ ನೆರಳಿನ ಕೆಲಸವೇ ಇಲ್ಲ. ಆದರೆ ಲೋಹದ ಭಾಗದ ಬೆಳ್ಳಿಯೂ ಬಟ್ಟೆಯ ಬೆಳ್ಳಿಯೂ ಒಂದೇ ಥರ ಹೊಳೆಯಬಾರದು. ಬಟ್ಟೆಗೆ ಹೊಡೆಯುವ ಬೆಳ್ಳಿಗೆ ತಿಳಿಬೂದು ಕಾಲು ಪಾಲು ಬೆರೆಸಿ.