ನೀವು ಕೇಳಿದಿರಿ: ಟೀ ಶರ್ಟಿನ ಅಚ್ಚು ಬಿರಿಯುವುದೇಕೆ?

ಪ್ರಶ್ನೆ: ನಮ್ಮ ಮಂಡಲದ ವಾರ್ಷಿಕೋತ್ಸವಕ್ಕೆ ಕಪ್ಪು ಹತ್ತಿ ಟೀ ಶರ್ಟಿನ ಮೇಲೆ ಹಳದಿ ಅಕ್ಷರ ಹಾಕಿಸಿದ್ದೆವು. ಕೈಗೆ ಬಂದಾಗ ಒಣಗಿತ್ತು, ನೋಡಲೂ ಚೆಂದ. ಮೂರು ಸಲ ಒಗೆಯುವಷ್ಟರಲ್ಲಿ ಬೇಸಗೆಯ ಗದ್ದೆಯ ಹಾಗೆ ಬಿರಿದುಬಿಟ್ಟಿದೆ. ಇಂಕ್ ಕಳಪೆಯಾ?
– ಯುವಕ ಮಂಡಲದ ಕಾರ್ಯದರ್ಶಿ, ಬದಿಯಡ್ಕ

ಉತ್ತರ: ಇಂಕನ್ನು ದೂರುವ ಮೊದಲು ಬಿಸಿ ಎಷ್ಟು ಕೊಟ್ಟರು ಎಂದು ಕೇಳಿ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ (ಜಾಲರಿಯ ಮೂಲಕ ಇಂಕ್ ಒತ್ತಿ ಅಚ್ಚುಹಾಕುವುದು) ಹೆಚ್ಚು ಬಳಕೆಯಲ್ಲಿರುವ ಪ್ಲಾಸ್ಟಿಸಾಲ್ ಇಂಕ್ ಎಂದರೆ ಎಣ್ಣೆಯಂಥ ದ್ರವದಲ್ಲಿ ಕಲಸಿದ ಪಿವಿಸಿಯ ನುಣ್ಣನೆಯ ಪುಡಿ. ಅದು ಗಾಳಿಗೆ ಆರುವುದಿಲ್ಲ. ಬಿಸಿ ಏರಿದಂತೆ ಪುಡಿ ಆ ದ್ರವವನ್ನು ಹೀರಿ ಉಬ್ಬುತ್ತದೆ, ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬೆಸೆದು ಒಂದೇ ಪದರವಾಗುತ್ತದೆ. ಆದರೆ 110 ಡಿಗ್ರಿಯ ಆಸುಪಾಸಿನಲ್ಲೇ ಅದು ಕೈಗೆ ಅಂಟುವುದು ನಿಂತುಹೋಗುತ್ತದೆ. ಅಷ್ಟಕ್ಕೇ ಕೆಲಸ ಮುಗಿಯಿತೆಂದುಕೊಂಡು ಮಡಚಿ ಕೊಟ್ಟದ್ದು ಒಗೆತಕ್ಕೆ ತಡೆಯುವುದಿಲ್ಲ.

ನಿಮ್ಮದು ಕಪ್ಪು ಬಟ್ಟೆ. ಹಳದಿ ಎದ್ದು ಕಾಣಬೇಕಾದರೆ ಅಡಿಗೆ ಬಿಳಿಯ ಪದರ ಬೇಕು. ಬಿಳಿ ಹಾಕಿ, ಕೆಲವೇ ಸೆಕೆಂಡ್ ಫ್ಲ್ಯಾಶ್ (ಮೇಲಿನಿಂದ ಚುರುಕು ಬಿಸಿ) ಕೊಟ್ಟು, ಮೇಲೆ ಹಳದಿ ಎಳೆಯುತ್ತಾರೆ. ಫ್ಲ್ಯಾಶ್ ಅತಿಯಾದರೆ ಬಿಳಿ ಪೂರ್ತಿ ಬೆಂದುಹೋಗಿ ಹಳದಿ ಅದಕ್ಕೆ ಕಚ್ಚುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ. ಕೊನೆಯ ಬಿಸಿ ಕಮ್ಮಿಯಾದರೆ ಹಳದಿ ಬೆಂದರೂ ಅಡಿಯ ಬಿಳಿ ಅರೆಬೆಂದೇ ಉಳಿಯುತ್ತದೆ. ಬಿರಿದಿದೆ ಎಂದಿದ್ದೀರಿ, ಸಿಪ್ಪೆ ಎದ್ದಿದೆ ಎಂದಿಲ್ಲ. ಹಾಗಾಗಿ ನಿಮ್ಮದು ಎರಡನೆಯದು.

ಇದಕ್ಕೆ ನಮ್ಮ ಕರಾವಳಿಯ ಮಳೆಗಾಲವೂ ಸೇರಿಕೊಳ್ಳುತ್ತದೆ. ಹತ್ತಿ ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದಿರುತ್ತದೆ. ಆಟಿಯಲ್ಲಿ ಇನ್ನೂ ಹೆಚ್ಚು. ಆ ನೀರು ಆವಿಯಾಗಿ ಹೋಗುವ ತನಕ ಬಟ್ಟೆಯ ಬಿಸಿ ಮೇಲೇರದು. ಮಾರ್ಚ್‌ನಲ್ಲಿ ಸರಿಹೋದ ಅದೇ ವೇಗದಲ್ಲಿ ಜುಲೈಯಲ್ಲೂ ಡ್ರೈಯರ್ (ಬೆಲ್ಟಿನ ಮೇಲೆ ಅಂಗಿ ಸಾಗುವ ಬಿಸಿಯ ಯಂತ್ರ) ಓಡಿಸಿದರೆ ಅಚ್ಚು ಹಸಿಯಾಗಿ ಹೊರಬರುತ್ತದೆ. ಬೆಲ್ಟ್ ನಿಧಾನ ಮಾಡಬೇಕು, ಇಲ್ಲವೇ ಅಂಗಿಯನ್ನು ಮೊದಲೇ ಹೀಟ್ ಪ್ರೆಸ್ಸಿನಲ್ಲಿ ಐದಾರು ಸೆಕೆಂಡ್ ಒತ್ತಿ ತೇವ ತೆಗೆಯಬೇಕು. ಕೈಯಲ್ಲಿ ಹಿಡಿಯುವ ಬಿಸಿ ಅಳೆಯುವ ಗನ್ ಮೇಲ್ಮೈಯನ್ನು ಮಾತ್ರ ಓದುತ್ತದೆ, ಅದೊಂದನ್ನೇ ನಂಬಬೇಡಿ.

ಮುಂದಿನ ಸಲ ಮಾಲು ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಒಂದನ್ನು ಎತ್ತಿ, ಅಚ್ಚಿನ ಜಾಗವನ್ನು ಎರಡೂ ಕೈಯಿಂದ ಒಂದೂವರೆ ಪಟ್ಟು ಎಳೆದು ಬಿಡಿ. ಬೆಂದ ಇಂಕ್ ಬಟ್ಟೆಯ ಜತೆಗೇ ಹಿಗ್ಗಿ ಕುಗ್ಗುತ್ತದೆ, ಬೇಯದ್ದು ಗೆರೆ ಬಿಡುತ್ತದೆ. ಒಗೆಯದೆ ಉಳಿದ ಅಂಗಿಗಳಿದ್ದರೆ ಅಚ್ಚಿನ ಮೇಲೆ ಟೆಫ್ಲಾನ್ ಹಾಳೆ ಇಟ್ಟು, 160 ಡಿಗ್ರಿಯಲ್ಲಿ ಹಗುರ ಒತ್ತಡದಲ್ಲಿ ಅರ್ಧ ನಿಮಿಷ ಒತ್ತಿಸಿ, ಮತ್ತೆ ಎಳೆದು ನೋಡಿ. ಬಿರಿದದ್ದು ಮಾತ್ರ ಕೂಡುವುದಿಲ್ಲ.

ಪ್ರಶ್ನೆ: ‘ಕ್ರೀಡೋತ್ಸವ’, ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳು ಇಂಕ್ ತುಂಬಿ ಮುದ್ದೆಯಾಗುತ್ತವೆ. ಫೈಲನ್ನು ಅಚ್ಚಿಗೆಂದು ತಮಿಳುನಾಡಿನ ತಿರುಪ್ಪೂರಿಗೆ ಕಳಿಸಿದರೆ ಅಕ್ಷರಗಳೇ ಬೇರೆಯಾಗಿರುತ್ತವೆ.
– ಡಿಟಿಪಿ ಕೆಲಸದವರು, ಕುಂಬಳೆ

ಉತ್ತರ: ಇಂಗ್ಲಿಷಿಗೆ ಹೊಂದಿಸಿದ ಅಳತೆಯಲ್ಲೇ ಕನ್ನಡ ಕೂರಿಸುವುದರಿಂದ ಆಗುವ ಎಡವಟ್ಟು ಇದು. ಮುಖ್ಯ ಅಕ್ಷರವನ್ನು ನೋಡಿ ಗಾತ್ರ ನಿರ್ಧರಿಸಬೇಡಿ, ಒತ್ತನ್ನು ನೋಡಿ ನಿರ್ಧರಿಸಿ. ಒತ್ತಿನ ಒಳಗಿನ ಖಾಲಿ ಜಾಗ ನಿಜವಾದ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಕಮ್ಮಿಯಾದರೆ ಅದು ತುಂಬಿಹೋಗುತ್ತದೆ ಎಂದೇ ಲೆಕ್ಕ. ದಪ್ಪ ಫಾಂಟಿನ ಬದಲು ಒಂದು ಹಂತ ತೆಳು ಫಾಂಟ್ ತೆಗೆದುಕೊಳ್ಳಿ. ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಬಿಡಿ. ಕೆಳಗೆ ಮಲಯಾಳದಲ್ಲೂ ಹಾಕಿಸುವುದಿದ್ದರೆ ಕೂಟಾಕ್ಷರಗಳಿಗೆ ಇದೇ ಮಾತು.

ಪ್ರಿಂಟ್ ಮಾಡುವವರು ಮೆಶ್ (ಸ್ಕ್ರೀನಿನ ಜಾಲರಿ) ಬದಲಿಸಬೇಕು. ಸೆಂಟಿಮೀಟರಿಗೆ 43 ಎಳೆಯ ಜಾಲರಿ ಬಿಳಿಯನ್ನು ದಪ್ಪಗೆ ಇಳಿಸಲು ಒಳ್ಳೆಯದು. ಸಣ್ಣ ಒತ್ತಿಗೆ 77 ಬೇಕು. (ಕೆಲವರು ಇಂಚಿನ ಲೆಕ್ಕ ಹೇಳುತ್ತಾರೆ: 43 ಎಂದರೆ ಅಲ್ಲಿ 110. ಯಾವ ಲೆಕ್ಕ ಎಂದು ಕೇಳಿಕೊಳ್ಳಿ.) ಅಡಿಯ ಬಿಳಿಯನ್ನು ಮೇಲಿನ ಬಣ್ಣಕ್ಕಿಂತ ಸುತ್ತಲೂ ಕೂದಲೆಳೆಯಷ್ಟು ಒಳಗೆ ಸರಿಸಿ, ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಇಣುಕುತ್ತದೆ. ಸ್ಕ್ರೀನಿಗೂ ಬಟ್ಟೆಗೂ 2–3 ಮಿ.ಮೀ. ಅಂತರವಿರಲಿ, ಸ್ಕ್ರೀನ್ ಬಟ್ಟೆಗೆ ಅಂಟಿಕೊಂಡೇ ಇದ್ದರೆ ಇಂಕ್ ಹರಡುತ್ತದೆ.

ಫೈಲಿನದು ಬೇರೆ ಕಥೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಲಸುಮೇಲೋಗರವೇ ಕಾಣುವುದು. ಯೂನಿಕೋಡ್ ಆದರೂ ಹಳೆಯ ಫೋಟೋಶಾಪಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಬರೀ ಗೆರೆಯ ಆಕಾರ) ಮಾಡಿ ಪಿಡಿಎಫ್ ಕಳಿಸಿ, ಜತೆಗೆ ಹೋಲಿಸಿ ನೋಡಲು ಒಂದು ಚಿತ್ರವನ್ನೂ. ತಿರುಪ್ಪೂರಿನವರಿಗೆ ಕನ್ನಡ ಓದಲು ಬಾರದು. ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಕಬಡ್ಡಿ ತಂಡದ ಕೆಂಪು ಪಾಲಿಯೆಸ್ಟರ್ ಜೆರ್ಸಿಯಲ್ಲಿ ಬಿಳಿ ನಂಬರ್ ಎರಡೇ ದಿನದಲ್ಲಿ ಗುಲಾಬಿಯಾಯಿತಲ್ಲ?
– ಆಟಗಾರ, ಮಂಜೇಶ್ವರ

ಉತ್ತರ: ಪಾಲಿಯೆಸ್ಟರಿಗೆ ಹಾಕುವ ಬಣ್ಣ ಬಿಸಿಗೆ ಅನಿಲವಾಗಿ ಮೇಲಿನ ಇಂಕಿನೊಳಗೆ ಸೇರುತ್ತದೆ. ಕೆಂಪು ಇದರಲ್ಲಿ ಕುಖ್ಯಾತ. ಕಡಿಮೆ ಬಿಸಿಯಲ್ಲಿ ಬೇಯುವ ಇಂಕ್, ಅಡಿಗೆ ಬಣ್ಣ ತಡೆಯುವ ಬೂದು ಪದರ – ಇವೆರಡೂ ಇದ್ದರೆ ತಡೆಯಬಹುದು. ಹೊಸದಾಗಿ ಮಾಡಿಸುವುದಾದರೆ ಬಿಳಿ ಪಾಲಿಯೆಸ್ಟರ್ ಬಟ್ಟೆಗೇ ಕೆಂಪು ಹಿನ್ನೆಲೆ ಸಹಿತ ಸಬ್ಲಿಮೇಷನ್ (ಬಣ್ಣವನ್ನು ಬಿಸಿಯಿಂದ ಅನಿಲವಾಗಿಸಿ ಎಳೆಯೊಳಗೇ ಇಳಿಸುವ ಅಚ್ಚು) ಮಾಡಿಸಿ: 190–200 ಡಿಗ್ರಿ, ಮುಕ್ಕಾಲರಿಂದ ಒಂದು ನಿಮಿಷ. ಅದರಲ್ಲಿ ಬಿಳಿ ಇಂಕೇ ಇಲ್ಲ, ನಂಬರಿನ ಬಿಳಿ ಬಟ್ಟೆಯದ್ದೇ. ಹತ್ತಿಗೆ ಇದು ಹಿಡಿಯುವುದಿಲ್ಲ.

ಪ್ರಶ್ನೆ: ಒಳ ಅಂಗಿಯ ಮೇಲೆ ಬರೆದುಕೊಂಡು ತಿರುಗುವುದು ಯಾವಾಗ ಶುರುವಾಯಿತು?
– ನಿವೃತ್ತ ಅಧ್ಯಾಪಕರು, ಕಾಸರಗೋಡು

ಉತ್ತರ: ಒಳ ಅಂಗಿ ಎಂದದ್ದು ಸರಿಯೇ. 1913ರ ಹೊತ್ತಿಗೆ ಅಮೆರಿಕದ ನೌಕಾಪಡೆ ಅದನ್ನು ಸಮವಸ್ತ್ರದ ಕೆಳಗೆ ತೊಡಲು ಕೊಟ್ಟಿತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ವಾಯುಪಡೆಯ ಗನ್ನರಿ ಶಾಲೆಯ ಹೆಸರು ಅಚ್ಚಾದ ಅಂಗಿ ‘ಲೈಫ್’ ಪತ್ರಿಕೆಯ ಮುಖಪುಟಕ್ಕೆ ಬಂತು. 1948ರ ಅಧ್ಯಕ್ಷ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಹೆಸರಿನ ಪ್ರಚಾರದ ಟೀ ಶರ್ಟ್ ಹೊರಟಿತು. ಅಭ್ಯರ್ಥಿ ಸೋತರು, ಅಂಗಿ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿ ಉಳಿದಿದೆ. ಸ್ಕ್ರೀನಿನ ವಿದ್ಯೆ ಇದಕ್ಕಿಂತ ಹಳೆಯದು: ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಜಾಲರಿಯ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1907ರಲ್ಲಿ. ಈಗ ಆ ಜಾಗದಲ್ಲಿ ಪಾಲಿಯೆಸ್ಟರ್ ಎಳೆ ಬಂದಿದೆ, ‘ಸಿಲ್ಕ್ ಸ್ಕ್ರೀನ್’ ಎಂಬ ಹೆಸರು ಮಾತ್ರ ಹೋಗಿಲ್ಲ.

ಪ್ರಶ್ನೆ: ಕನ್ನಡ ಶಾಲೆಯ ನಮ್ಮ ಬ್ಯಾಚಿನವರು ಬರೇ 15 ಮಂದಿ. ನಾಲ್ಕು ಬಣ್ಣದ ಚಿತ್ರ ಹಾಕಿಸಬೇಕು.
– ಹಳೆ ವಿದ್ಯಾರ್ಥಿನಿ, ಅಕ್ಕಲಕೋಟೆ

ಉತ್ತರ: ಸ್ಕ್ರೀನ್ ಬೇಡ ತಾಯಿ. ಬಣ್ಣಕ್ಕೊಂದರಂತೆ ನಾಲ್ಕು ಸ್ಕ್ರೀನ್ ಮಾಡಿಸಿದ ಖರ್ಚು 15 ಅಂಗಿಗಳ ಮೇಲೆ ಬೀಳುತ್ತದೆ. ಡಿಟಿಎಫ್ ಮಾಡಿಸಿ: ಚಿತ್ರವನ್ನು ಫಿಲ್ಮಿನ ಮೇಲೆ ಅಚ್ಚುಹಾಕಿ, ಅಂಟಿನ ಪುಡಿ ಉದುರಿಸಿ, ಕರಗಿಸಿ, ಅಂಗಿಗೆ ಒತ್ತುತ್ತಾರೆ. ಎದೆಯ ತುಂಬ ದೊಡ್ಡ ಚೌಕ ಹಾಕಿಸಬೇಡಿ, ಅಷ್ಟು ಜಾಗದಲ್ಲಿ ಗಾಳಿಯಾಡದೆ ನಿಮ್ಮ ಸೊಲ್ಲಾಪುರದ ಬಿಸಿಲಿಗೆ ಬೆವರು ಕಿತ್ತುಬರುತ್ತದೆ. ಚಿತ್ರದ ನಡುನಡುವೆ ಬಟ್ಟೆ ಕಾಣಲಿ. 180 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ), ಬಯೋವಾಷ್ ಮಾಡಿದ (ಕಿಣ್ವದಲ್ಲಿ ತೊಳೆದು ನುಣುಪಾಗಿಸಿದ) ಹತ್ತಿ ಸಾಕು. ಅಳತೆ ಕೊಡುವ ಮೊದಲು ಒಂದು ಅಂಗಿ ತರಿಸಿ ಒಗೆದು, ಎಷ್ಟು ಕುಗ್ಗಿತೆಂದು ಟೇಪು ಹಿಡಿದು ನೋಡಿ.