ನಿಮ್ಮ ಮನೆ ಯಾರ ಫೋನಿನಲ್ಲಿದೆ?

ಓದುಗರು ಬರೆದು ಕೇಳಿದ ಪ್ರಶ್ನೆಗಳಲ್ಲಿ ಈ ಸಲ ಒಂದಕ್ಕೆ, ಮನೆಯ ಸಿಸಿಟಿವಿ ಕ್ಯಾಮೆರಾದ ಪ್ರಶ್ನೆಗೆ, ಜಾಸ್ತಿ ಜಾಗ ಕೊಡುತ್ತೇನೆ. ಬರೆದವರ ಊರು ಬೇರೆ ಬೇರೆ, ವಿಷಯ ಮಾತ್ರ ಅದೇ. ಕ್ಯಾಮೆರಾ ಹಾಕಿಸುವ ಮೊದಲು ಕೇಳಬೇಕಾದದ್ದನ್ನು ಹಾಕಿಸಿ ಎರಡು ವರ್ಷ ಆದ ಮೇಲೆ ಕೇಳುತ್ತಾರೆ. ಓದಿ ಓದಿ ನನಗೆ ಸಾಕಾಗಿದೆ. ಒಟಿಪಿ ಹೇಳಬೇಡಿ, ಪಿನ್ ಕೊಡಬೇಡಿ ಅಂತ ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತಿದೆ.

ಪ್ರಶ್ನೆ: ಸರ್, ನಮ್ಮದು ಪುತ್ತೂರಿನ ಹತ್ತಿರ ತೋಟದ ಮನೆ. ಇರುವುದು ನಾನು, ನಮ್ಮವರು ಇಬ್ಬರೇ. ಮಗ ಹೊರದೇಶದಲ್ಲಿದ್ದಾನೆ. ಅವನ ಒತ್ತಾಯಕ್ಕೆ ಆರು ಕ್ಯಾಮೆರಾ ಹಾಕಿಸಿದೆವು, ನಾಲ್ಕು ಹೊರಗೆ, ಎರಡು ಒಳಗೆ. ಮೊನ್ನೆ ಕ್ಯಾಮೆರಾ ಹಾಕಿದ ಹುಡುಗ ಫೋನ್ ಮಾಡಿ, "ಅಮ್ಮ, ಹಿತ್ತಿಲ ಕ್ಯಾಮೆರಾಕ್ಕೆ ಜೇಡರ ಬಲೆ ಕಟ್ಟಿದೆ, ಕೋಲಿಗೆ ಬಟ್ಟೆ ಸುತ್ತಿ ಒರೆಸಿಬಿಡಿ" ಅಂದ. ಹೋಗಿ ನೋಡಿದರೆ ಕಟ್ಟಿದ್ದು ನಿಜ. ಅವನು ನಮ್ಮ ಮನೆಗೆ ಬಂದು ಒಂದೂವರೆ ವರ್ಷ ಆಯಿತು. ಅವನಿಗೆ ಹೇಗೆ ಕಾಣಿಸಿತು?

ಅಮ್ಮ, ಅವನಿಗೆ ಕಾಣಿಸಿದ್ದು ಅವನ ಫೋನಿನಲ್ಲಿ. ನಿಮ್ಮ ಮನೆ ಇನ್ನೂ ಅವನ ಫೋನಿನಲ್ಲೇ ಇದೆ.

ಇದು ಹೇಗೆ ಆಗುತ್ತದೆ ಅಂತ ಹೇಳುತ್ತೇನೆ, ನಿಮ್ಮ ಮಗನಿಗೂ ಓದಿ ಹೇಳಿ. ಕ್ಯಾಮೆರಾ ಹಾಕುವವರು ವೈರ್ ಎಳೆದು, ಚಿತ್ರ ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆ ಕೂರಿಸಿ, ಚಿತ್ರ ಬರುತ್ತದಾ ಅಂತ ನೋಡಬೇಕು. ಅದಕ್ಕೆ ತಮ್ಮ ಫೋನ್ ತೆಗೆದು ಪೆಟ್ಟಿಗೆಯ ಮೇಲಿನ ಕ್ಯೂಆರ್ ಚೀಟಿಯನ್ನು ಕ್ಯಾಮೆರಾ ಕಂಪನಿಯ ಆಪ್ ತೆರೆದು ತಮ್ಮದೇ ಖಾತೆಯಲ್ಲಿ ಸ್ಕ್ಯಾನ್ ಮಾಡುತ್ತಾರೆ. ಆ ಕ್ಷಣದಿಂದ ಕಂಪನಿಯ ಲೆಕ್ಕದಲ್ಲಿ ಆ ಪೆಟ್ಟಿಗೆಯ ಮಾಲೀಕ ಅವನು. ಆಮೇಲೆ ಅಲ್ಲಿಂದ ನಿಮ್ಮ ಮಗನಿಗೆ 'ಶೇರ್' ಮಾಡುತ್ತಾನೆ. ಮಗ ತನ್ನ ಫೋನಿನಲ್ಲಿ ಅಂಗಳ ಕಂಡಿತು ಅಂತ ಖುಷಿಪಡುತ್ತಾನೆ, ನೀವು ದುಡ್ಡು ಕೊಡುತ್ತೀರಿ, ಹುಡುಗ ಚಹಾ ಕುಡಿದು ಹೋಗುತ್ತಾನೆ. ದುಡ್ಡು ಕೊಟ್ಟವರು ನೀವು. ಆದರೆ ಆಪ್‌ನಲ್ಲಿ ನೀವು ನೆಂಟರು, ಯಜಮಾನ ಅವನು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಲೆ ಕಟ್ಟಿದೆ ಅಂತ ಫೋನ್ ಮಾಡಿದವನು ಒಳ್ಳೆಯವನೇ ಇರಬೇಕು. ಕೆಟ್ಟ ಬುದ್ಧಿ ಇದ್ದವನು ಹೇಳದೆ ಸುಮ್ನೆ ನೋಡುತ್ತಿದ್ದ. ಆದರೆ ಅವನ ಫೋನ್ ಕಳೆದರೆ? ಅಂಗಡಿಯ ಫೋನ್ ಆಗಿದ್ದು, ಅವನು ಕೆಲಸ ಬಿಟ್ಟ ಮೇಲೆ ಇನ್ನೊಬ್ಬನ ಕೈಗೆ ಹೋದರೆ? ನೀವಿಬ್ಬರೂ ಮದುವೆಗೆ ಹೋದ ದಿನ ಮನೆ ಖಾಲಿ ಅಂತ ಗೊತ್ತಾಗಲು ಯಾರೂ ಗೇಟಿನ ಹತ್ತಿರ ಸುಳಿದಾಡಬೇಕಿಲ್ಲ.

ಕೆಲವು ವರ್ಷದ ಹಿಂದೆ ಇಂಥದೇ ಒಂದು ಫೋನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆಪ್ ತೆರೆದರೆ ಉದ್ದದ ಪಟ್ಟಿ. 'ಡಾಕ್ಟರ್ ಮನೆ', 'ಅಡಿಕೆ ಗೋಡೌನ್', 'ಟೀಚರ್ ಹೊಸ ಮನೆ'. ಬೆರಳಲ್ಲಿ ಸರಿಸಿದಷ್ಟೂ ಮನೆಗಳು. ಅವನು ಒಂದನ್ನು ಒತ್ತಿದ. ಒಬ್ಬರು ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ನಡುವೆ ಒಮ್ಮೆ ಸೆರಗು ಸರಿಮಾಡಿಕೊಂಡರು. ನಾನು ಮುಖ ತಿರುಗಿಸಿದೆ. ಆ ಅಜ್ಜಿಗೆ ನಾವ್ಯಾರು ಅಂತಲೇ ಗೊತ್ತಿಲ್ಲ. ಅವತ್ತಿನಿಂದ ಯಾರ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ ಇದು: ಈ ಪೆಟ್ಟಿಗೆ ಯಾರ ಖಾತೆಯಲ್ಲಿದೆ?

ಈಗ ನೀವು ಮಾಡಬೇಕಾದದ್ದು. ಹುಡುಗನನ್ನು ಮನೆಗೆ ಕರೆಸಿ. ನಿಮ್ಮ ಕಣ್ಣೆದುರೇ ಅವನ ಖಾತೆಯಿಂದ ನಿಮ್ಮ ಡಿವಿಆರ್ ಅಳಿಸಿಹಾಕಲಿ. ಅದೇ ಹೊತ್ತಿಗೆ ಮಗ ವಿಡಿಯೋ ಕಾಲ್‌ನಲ್ಲಿ ಇರಲಿ, ತಕ್ಷಣ ತನ್ನ ಖಾತೆಗೆ ಸೇರಿಸಿಕೊಳ್ಳಲಿ. ಹುಡುಗ ಬರಲಿಲ್ಲ, ಫೋನ್ ಎತ್ತಲಿಲ್ಲ ಅಂದರೆ ಬಿಲ್ಲು ಮತ್ತು ಪೆಟ್ಟಿಗೆಯ ಸೀರಿಯಲ್ ನಂಬರ್ ಇಟ್ಟುಕೊಂಡು ಕಂಪನಿಯ ಗ್ರಾಹಕ ಸೇವೆಗೆ ಬರೆಯಿರಿ. ಹಳೆ ಖಾತೆಯಿಂದ ಬಿಡಿಸಿಕೊಡಿ ಅಂತ ಕೇಳಿ. ಅವರು ಬಿಲ್ಲು ಕೇಳುತ್ತಾರೆ. ನಾಲ್ಕು ಕಾಸು ಉಳಿಯುತ್ತದೆ ಅಂತ ಬಿಲ್ಲಿಲ್ಲದೆ ಕ್ಯಾಮೆರಾ ಕೊಂಡವರಿಗೆ ಇಲ್ಲಿ ಕಷ್ಟ.

ಖಾತೆ ಬದಲಾದರೆ ಅರ್ಧ ಕೆಲಸ ಮುಗಿಯಿತು. ಡಿವಿಆರ್‌ಗೆ ಅದರದೇ ಆದ ಅಡ್ಮಿನ್ ಪಾಸ್‌ವರ್ಡ್ ಬೇರೆ ಇರುತ್ತದೆ. ಇದನ್ನು ಮರೆಯುವವರೇ ಜಾಸ್ತಿ. ಹಾಕುವವರು ನೆನಪಿಡಲು ಸುಲಭ ಅಂತ ಊರಿನ ಎಲ್ಲಾ ಮನೆಗೂ ಒಂದೇ ಪಾಸ್‌ವರ್ಡ್ ಕೊಡುತ್ತಾರೆ. ಅಂಗಡಿಯ ಫೋನ್ ನಂಬರ್, ಇಲ್ಲದಿದ್ದರೆ ಅಡ್ಮಿನ್ ಜೊತೆಗೆ 123. 2025ರಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೆಂಗಸರನ್ನು ಪರೀಕ್ಷೆ ಮಾಡುವ ವಿಡಿಯೋಗಳು ಯೂಟ್ಯೂಬ್‌ವರೆಗೆ ಹೋದವು, ಟೆಲಿಗ್ರಾಂನಲ್ಲಿ ಮಾರಾಟವಾದವು. ಅಲ್ಲಿದ್ದ ಪಾಸ್‌ವರ್ಡ್ 'ಅಡ್ಮಿನ್123'. ಅದಕ್ಕೂ ಮೊದಲು, 2016ರಲ್ಲಿ, ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳೊಳಗೆ ನುಗ್ಗಿತು. ಅದು ಮಾಡಿದ್ದು ಇಷ್ಟೇ. ಕಾರ್ಖಾನೆಯಿಂದ ಬಂದ ಸುಮಾರು 60 ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಹೋಯಿತು. ಬಾಗಿಲುಗಳು ತೆರೆದುಕೊಂಡವು. ಇದಕ್ಕೆ ದೊಡ್ಡ ಹ್ಯಾಕರ್ ಬೇಕಿಲ್ಲ.

ಹಾಗಾಗಿ ಪಾಸ್‌ವರ್ಡ್ ಬದಲಿಸಿ. ಉದ್ದ ಇರಲಿ. ನಿಮ್ಮ ತೋಟದ ನಾಲ್ಕು ಗಿಡದ ಹೆಸರು ಸಾಲಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಸಾಕು, ನಡುವೆ ಒಂದೆರಡು ಅಂಕಿ ಸೇರಿಸಿ. ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಕಪಾಟಿನ ಪುಸ್ತಕವನ್ನು ಇಂಟರ್ನೆಟ್ಟಿನಿಂದ ಕದಿಯಲು ಆಗುವುದಿಲ್ಲ. ಪೆಟ್ಟಿಗೆಯ ಮೇಲಿನ ಕ್ಯೂಆರ್ ಚೀಟಿಯ ಫೋಟೋವನ್ನು ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ.

"ರಿಪೇರಿ ಬಂದರೆ ನಾವು ದೂರದಿಂದಲೇ ನೋಡಬೇಕಲ್ಲ" ಅಂತ ಹಾಕುವವರು ಹೇಳುತ್ತಾರೆ. ಒಪ್ಪಬೇಡಿ. ರಿಪೇರಿಯ ದಿನ ಮನೆಗೆ ಬಂದು ನೋಡಲಿ. ಡಿವಿಆರ್‌ನಲ್ಲಿ ಅವರಿಗೆ ಬೇರೆ ಬಳಕೆದಾರ ಹೆಸರು ಮಾಡಿಕೊಡಬಹುದು, ಕೆಲಸ ಮುಗಿದ ಮೇಲೆ ಅಳಿಸಬಹುದು. ಇನ್ನೂ ಒಂದು. ಡಿವಿಆರ್ ದೂರದಿಂದ ಕಾಣಲಿ ಅಂತ ಕೆಲವರು ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನ ಇಂಟರ್ನೆಟ್ಟಿನಿಂದ ಒಳಬರುವ ಬಾಗಿಲು, ತೆರೆದಿಟ್ಟು ಹೋಗುತ್ತಾರೆ. ಹಾಗೆ ತೆರೆದಿಟ್ಟ ಕ್ಯಾಮೆರಾಗಳನ್ನೂ ಹುಡುಕಿಕೊಡುವ ಶೋಡಾನ್‌ನಂಥ ತಾಣಗಳಿವೆ. ಮಗನಿಗೆ ಹೇಳಿ, ರೂಟರಿನಲ್ಲಿ ಆ ಬಾಗಿಲು ತೆರೆಯುವ 'ಪೋರ್ಟ್ ಫಾರ್ವರ್ಡಿಂಗ್' ಮತ್ತು 'ಯುಪಿಎನ್‌ಪಿ' ಎರಡನ್ನೂ ಮುಚ್ಚಿಸಲಿ. ಆಪ್ ಇವಿಲ್ಲದೆಯೂ ಕೆಲಸ ಮಾಡುತ್ತದೆ.

ಇನ್ನು ಆ ಒಳಗಿನ ಎರಡು ಕ್ಯಾಮೆರಾ. ದಯವಿಟ್ಟು ತೆಗೆಸಿ. ಹೆತ್ತವರು ಬಿದ್ದರೆ ಗೊತ್ತಾಗಲಿ ಅಂತ ಮಗ ಹಾಕಿಸಿರುತ್ತಾನೆ, ಅವನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಡುಮನೆಯಲ್ಲಿ ನೀವು ಸೀರೆ ಬದಲಿಸುತ್ತೀರಿ, ಯಜಮಾನರು ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ, ಕೆಲಸದವಳು ಮಗುವಿಗೆ ಹಾಲು ಕೊಡುತ್ತಾಳೆ. ಅದು ಹೊರಗೆ ಹೋದರೆ ವಾಪಸ್ ತರಲು ಯಾರಿಂದಲೂ ಆಗುವುದಿಲ್ಲ. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು ಇದೆ. ಆದರೆ ಕೇಸು ನಡೆಯುವಷ್ಟರಲ್ಲಿ ವಿಡಿಯೋ ಎಲ್ಲೆಲ್ಲಿಗೋ ಹೋಗಿರುತ್ತದೆ. ದಿನಕ್ಕೆರಡು ಸಲ ಫೋನ್ ಮಾಡಲು ಮಗನಿಗೆ ಹೇಳಿ. ಪಕ್ಕದ ಮನೆಯವರ ನಂಬರ್ ಅವನ ಹತ್ತಿರ ಇರಲಿ.

ಕೊನೆಗೆ, ಆ ಡಿವಿಆರ್ ಎಲ್ಲಿಟ್ಟಿದ್ದೀರಿ? ಟಿವಿ ಕೆಳಗೆ ತಾನೇ? ನಾನು ನೋಡಿದ ಹತ್ತರಲ್ಲಿ ಎಂಟು ಮನೆಯಲ್ಲಿ ಅಲ್ಲೇ ಇರುತ್ತದೆ. ಕಳ್ಳರಿಗೂ ಅದು ಗೊತ್ತು. ಒಡವೆಯ ಜೊತೆ ಡಿವಿಆರ್ ಕೂಡ ಹೊತ್ತುಕೊಂಡು ಹೋಗುತ್ತಾರೆ, ಆಮೇಲೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಅಟ್ಟದಲ್ಲೋ ಬೀಗ ಹಾಕುವ ಕಪಾಟಿನಲ್ಲೋ ಗಾಳಿ ಆಡುವ ಹಾಗೆ ಇಡಿ. ಅದಕ್ಕೂ ರೂಟರ್‌ಗೂ ಯುಪಿಎಸ್ ಲೈನ್ ಕೊಡಿಸಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ, ಅಲ್ವಾ? ಮತ್ತೆ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗುಳಿ ಹಾಕಿಸಿ. ಕ್ಯಾಮೆರಾ ಕಳ್ಳನನ್ನು ನೋಡುತ್ತದೆ, ತಡೆಯುವುದು ಅಗುಳಿ.

ಪ್ರಶ್ನೆ: ಹೊಸದಾಗಿ ಕ್ಯಾಮೆರಾ ಕೊಳ್ಳುವಾಗ ಏನು ನೋಡಬೇಕು? (ಹಾಸನ)

2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾ ಸರ್ಕಾರದ ಸುರಕ್ಷತಾ ಪರೀಕ್ಷೆ ದಾಟಿರಬೇಕು. ಅದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಸ್‌ಟಿಕ್ಯೂಸಿ. 'ಎಸ್‌ಟಿಕ್ಯೂಸಿ ಆಗಿದೆಯಾ' ಅಂತ ಅಂಗಡಿಯಲ್ಲಿ ಕೇಳಿ. ಹಳೆ ಸ್ಟಾಕ್ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಬೇಡ ಅನ್ನಿ.

ಪ್ರಶ್ನೆ: ಸೈಟ್ ಮಾರಾಟಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಕೊಡಬೇಕು. ಆಮೇಲೆ ಬ್ಯಾಂಕಿನಿಂದ ಹಣ ಹೋಗುತ್ತದೆ ಅಂತ ಹೇಳುತ್ತಾರೆ. ನಿಜವಾ? (ಧಾರವಾಡ)

ನಿಜ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ ಹೀಗೆ ಹಣ ಹೋಯಿತು. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರಿದ್ದರೆ ಸಾಕು. ಒಟಿಪಿ ಬರುವುದಿಲ್ಲ. ನೋಂದಣಿ ಪತ್ರದಲ್ಲಿ ಆಧಾರ್ ನಂಬರ್ ಮತ್ತು ಬೆರಳಚ್ಚು ಎರಡೂ ಇದ್ದವು. ವಂಚಕರು ಆ ಪತ್ರಗಳ ಪ್ರತಿಯಿಂದ ಬೆರಳಿನ ಅಚ್ಚು ತಯಾರಿಸಿದರು.

ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟಿನಲ್ಲಿ ಅಥವಾ ಅವರದೇ ಆಪ್‌ನಲ್ಲಿ ನಿಮ್ಮ ಬೆರಳಚ್ಚಿಗೆ ಬೀಗ ಬೀಳುವಂತೆ ಬಯೋಮೆಟ್ರಿಕ್ ಲಾಕ್ ಮಾಡಿ. ಇವತ್ತೇ ಮಾಡಿ. ನೋಂದಣಿಗೆ, ರೇಷನ್‌ಗೆ ಬೆರಳು ಕೊಡುವಾಗ ಮಾತ್ರ ಸ್ವಲ್ಪ ಹೊತ್ತು ತೆರೆಯಬಹುದು. ಮನೆಯಲ್ಲಿ ನ್ಯಾಯಬೆಲೆ ಅಂಗಡಿಗೆ ಹೋಗುವವರು ಯಾರೋ ಅವರಿಗೆ ಇದನ್ನು ಮೊದಲೇ ಕಲಿಸಿ, ಇಲ್ಲದಿದ್ದರೆ ಕ್ಯೂನಲ್ಲಿ ನಿಂತು ವಾಪಸ್ ಬರುತ್ತಾರೆ. ಹಣ ಹೋಗೇ ಹೋಯಿತು ಅಂದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅದೇ ದಿನ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಆ ನಷ್ಟ ನಿಮ್ಮದಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಕೌಂಟರ್‌ನಲ್ಲಿ "ನಾಳೆ ಬನ್ನಿ" ಅಂದರೆ ಎದ್ದು ಬರಬೇಡಿ.

ಪ್ರಶ್ನೆ: ಆಧಾರ್ ಜೆರಾಕ್ಸ್ ಕೊಡಬಹುದಾ, ಬೇಡವಾ? ಸರ್ಕಾರವೇ ಎರಡು ಥರ ಹೇಳಿತ್ತಲ್ಲ? (ತುಮಕೂರು)

ಹೌದು, 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಕಚೇರಿ ಜೆರಾಕ್ಸ್ ಕೊಡಬೇಡಿ ಅಂದಿತು, ಎರಡೇ ದಿನದಲ್ಲಿ ಆ ಸೂಚನೆಯನ್ನು ವಾಪಸ್ ಪಡೆದರು. ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನುವುದು ಇದ್ದೇ ಇದೆ, ಅದನ್ನೇ ಕೊಡಿ. ಜೆರಾಕ್ಸ್ ಕೊಡಲೇಬೇಕಾದರೆ ಯಾರಿಗೆ, ಯಾತಕ್ಕೆ, ಯಾವ ದಿನ ಅಂತ ಚಿತ್ರದ ಮೇಲೆಯೇ ಅಡ್ಡಡ್ಡ ಬರೆಯಿರಿ. ಜೆರಾಕ್ಸ್ ಅಂಗಡಿಯವರಿಗೆ ವಾಟ್ಸಾಪ್ ಮಾಡಿ ಪ್ರಿಂಟ್ ತೆಗೆಸುವುದನ್ನು ಬಿಡಿ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಇಡೀ ಬೀದಿಯ ಆಧಾರ್ ಬಿದ್ದಿರುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರ ಆಧಾರ್ ಫೋಟೋ, ಬೆರಳಚ್ಚು ಎಲ್ಲಾ ಗೇಟಿನಲ್ಲಿ ತೆಗೆದುಕೊಳ್ಳುತ್ತಾರೆ. ಸೆಕ್ರೆಟರಿ "ಅವರಿಗೆಂಥ ಪ್ರೈವಸಿ" ಅನ್ನುತ್ತಾರೆ. (ಬೆಂಗಳೂರು)

ಈ ಮಾತು ಕೇಳಿ ನನಗೆ ತುಂಬಾ ನೋವಾಯಿತು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪಿನಲ್ಲಿ ಫ್ಲ್ಯಾಟ್ ಇದ್ದವರಿಗೆ ಮಾತ್ರ ಅಂತ ಬರೆದಿಲ್ಲ. ಹೆಸರು, ಫೋಟೋ, ಫೋನ್ ನಂಬರ್ ಸಾಕು. ಬೆರಳಚ್ಚು ಗೇಟಿನಲ್ಲಿ ಯಾಕೆ ಬೇಕು? ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿ.

ಪ್ರಶ್ನೆ: ಫೋನ್ ಹಿಂದೆ ಅಂಟಿಸಿದರೆ ಹ್ಯಾಕ್ ಆಗದಂತೆ ತಡೆಯುವ ಚಿಪ್ 999 ರೂಪಾಯಿಗೆ ಬಂದಿದೆ. ಕೊಳ್ಳಬಹುದಾ? (ದಾವಣಗೆರೆ)

ಬೇಡ. ಮೋಸ.

ಪ್ರಶ್ನೆ: ಹೋದ ಹಣವನ್ನು ಕಮಿಷನ್ ಮೇಲೆ ವಾಪಸ್ ತರಿಸಿಕೊಡುತ್ತೇನೆ ಅಂತ ಒಬ್ಬ 'ಎಥಿಕಲ್ ಹ್ಯಾಕರ್' ಹೇಳುತ್ತಿದ್ದಾನೆ. (ಬಳ್ಳಾರಿ)

ಒಂದು ಸಲ ಕಳೆದುಕೊಂಡವರನ್ನೇ ಹುಡುಕಿಕೊಂಡು ಬರುವ ಎರಡನೇ ಕಳ್ಳ ಅವನು. ಮುಂಗಡ ಕೇಳಿದನಾ? ಆ ನಂಬರನ್ನು ಹಿಂದಿನ ದೂರಿಗೇ ಸೇರಿಸಿ ಪೊಲೀಸರಿಗೆ ಕೊಡಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಎಪಿಕೆ ಫೈಲಾಗಿ ಬಂದಿದೆ. ಕಳಿಸಿದವರು ಗೊತ್ತಿರುವವರೇ. (ಶಿರಸಿ)

ತೆರೆಯಬೇಡಿ. ಎಪಿಕೆ ಅಂದರೆ ಆಪ್, ಕರೆಯೋಲೆ ಅಲ್ಲ. ಕಳಿಸಿದವರ ಫೋನು ಆಗಲೇ ಹ್ಯಾಕ್ ಆಗಿರಬೇಕು. ಅವರಿಗೆ ಮಾಮೂಲಿ ಕಾಲ್ ಮಾಡಿ ತಿಳಿಸಿ, ಪುಣ್ಯ ಬರುತ್ತದೆ.

ಪ್ರಶ್ನೆ: ಊರಿಗೆ ಹೋಗುವಾಗ ಲೈಟ್ ಹಾಕಿಟ್ಟು ಹೋದರೆ ಸಾಕಾ? (ಮೈಸೂರು)

ಹಗಲೂ ಉರಿಯುವ ಲೈಟು ಮನೆಯಲ್ಲಿ ಯಾರೂ ಇಲ್ಲ ಅಂತಲೇ ಹೇಳುತ್ತದೆ. ಪೇಪರ್, ಹಾಲು ನಿಲ್ಲಿಸಿ, ಠಾಣೆಗೆ ಹೋಗಿ ಬೀಟ್ ಪೊಲೀಸರಿಗೆ ತಿಳಿಸಿ, ಪ್ರವಾಸದ ಫೋಟೋ ವಾಪಸ್ ಬಂದ ಮೇಲೆ ಹಾಕಿ.

ಪ್ರಶ್ನೆ: ಹಳೆ ಡಿವಿಆರ್ ಎಕ್ಸ್‌ಚೇಂಜ್‌ಗೆ ಕೇಳುತ್ತಿದ್ದಾರೆ. ಕೊಡಲಾ? (ಕುಂದಾಪುರ)

ಕೊಡಿ. ಹಾರ್ಡ್ ಡಿಸ್ಕ್ ಬಿಚ್ಚಿಸಿ ಮನೆಯಲ್ಲೇ ಇಟ್ಟುಕೊಂಡು ಕೊಡಿ.